ರೇಡಿಯೊಗೆ ಒಗ್ಗುವ ಹಾಡನ್ನು ಮೊದಲು ಬಿಡಬಹುದೇ?

ಚೊಚ್ಚಲ ರ‍್ಯಾಪ್ ಆಲ್ಬಂಗೆ ಮುನ್ನ ರೇಡಿಯೊಗೆ ಒಗ್ಗುವ ಒಂದು ಹಾಡನ್ನು ಬಿಡುಗಡೆ ಮಾಡಿದರೆ ನಿಮ್ಮ ಕೊಪ್ಪಳದ ಗಡಸು ಧಾಟಿ ಮೆತ್ತಗಾದೀತೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ, ರೇಡಿಯೊ ಬೇಡುವುದು ಹಾಡಿನ ಅಳತೆಯನ್ನೇ ಹೊರತು ಅದರ ಭಾಷೆಯನ್ನಲ್ಲ. 1979ರ ‘ರ‍್ಯಾಪರ್ಸ್ ಡಿಲೈಟ್’ ಮೂಲದಲ್ಲಿ 14 ನಿಮಿಷಗಳನ್ನು ಮೀರಿದ್ದರೂ ಅದರ ಮೊಟಕು ರೂಪವೂ ಹೊರಬಂದಿತ್ತು; ರ‍್ಯಾಪ್ ಅನ್ನು ಜನಸಾಮಾನ್ಯರ ಕಿವಿಗೆ ಮುಟ್ಟಿಸಿದ್ದೇ ಆ ಹಾಡು.

ಆದ್ದರಿಂದ ಮೂರು, ಮೂರೂವರೆ ನಿಮಿಷದೊಳಗೆ ಮುಗಿಯುವ, ಪಲ್ಲವಿ ಮೊದಲ ಅರ್ಧ ನಿಮಿಷದಲ್ಲೇ ಕೇಳಿಬರುವ ಹಾಡೊಂದನ್ನು ಆರಿಸಿಕೊಳ್ಳಿ. ಬೈಗುಳಗಳಿದ್ದರೆ ಅವುಗಳ ಮೇಲೆ ‘ಬೀಪ್’ ಹಾಕಬೇಡಿ (ಅದು ತಾಳವನ್ನೇ ಕೊಲ್ಲುತ್ತದೆ). ಆ ಸಾಲನ್ನು ಬೇರೆ ಪ್ರಾಸದಲ್ಲಿ ಹೊಸದಾಗಿ ಬರೆದು, ಮತ್ತೆ ಹಾಡಿ ಧ್ವನಿಮುದ್ರಿಸಿ. ಖಾಸಗಿ ಎಫ್‌ಎಂ ಕೇಂದ್ರಗಳೂ ಆಕಾಶವಾಣಿಯ ಕಾರ್ಯಕ್ರಮ ಸಂಹಿತೆಯನ್ನು ಪಾಲಿಸಬೇಕು. ಮದ್ಯ, ಮಾದಕ ವಸ್ತು, ಬಂದೂಕುಗಳನ್ನು ವೈಭವೀಕರಿಸುವ ಹಾಡುಗಳ ಬಗ್ಗೆ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಎಫ್‌ಎಂ ಕೇಂದ್ರಗಳಿಗೆ ಎಚ್ಚರಿಕೆಯನ್ನೂ ನೀಡಿತ್ತು. ‘ಯಾಕಲೇ’, ‘ಹೌದಲೇ’ಗಳಿಗೆ ಯಾವ ಅಡ್ಡಿಯೂ ಇಲ್ಲ, ಅವನ್ನು ದಯವಿಟ್ಟು ಬೆಂಗಳೂರಿನ ಕನ್ನಡಕ್ಕೆ ತಿದ್ದಬೇಡಿ.

ರಾಯಚೂರು ಮತ್ತು ಹೊಸಪೇಟೆಯ ಆಕಾಶವಾಣಿ ಕೇಂದ್ರಗಳನ್ನು ಖುದ್ದಾಗಿ ಸಂಪರ್ಕಿಸಿ. ಹಾಡು ಕೇಳುವ ಆ್ಯಪ್ ಸ್ಪಾಟಿಫೈನ ಸಂಪಾದಕರಿಗೆ ಹಾಡನ್ನು ಬಿಡುಗಡೆಗೆ ಕನಿಷ್ಠ 7 ದಿನ ಮೊದಲೇ ಸಲ್ಲಿಸಬೇಕಾಗುತ್ತದೆ, ಆದರೆ ನಾನಾಗಿದ್ದರೆ ಒಂದು ತಿಂಗಳು ಇಟ್ಟುಕೊಳ್ಳುತ್ತಿದ್ದೆ. ಬೀಟ್ (ಹಾಡಿನ ಹಿನ್ನೆಲೆ ಸಂಗೀತ) ಬೇರೆಯವರದಾದರೆ ಅದರ ಹಕ್ಕಿನ ಒಪ್ಪಂದವನ್ನು ಅದಕ್ಕೂ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ.