ಹತ್ತು ವಾರ ಚೆನ್ನಾಗಿ ಆಡಿದವರನ್ನು ಒಂದು ಟ್ವಿಸ್ಟ್, ಅಂದರೆ ಆಟದ ಮಧ್ಯೆ ದಿಢೀರ್ ತಂದ ಹೊಸ ನಿಯಮ, ಮನೆಗೆ ಕಳಿಸಿತು, ಮೊದಲೇ ಹೊರಬಿದ್ದವರನ್ನು ವಾಪಸ್ ತಂದಿತು. ವಾಪಸ್ ಬಂದವರ ಪೇಜಿನಲ್ಲಿ ಸಿಟ್ಟಿನಲ್ಲಿ ಬರೆದೂ ಆಯಿತು. ರಿಯಾಲಿಟಿ ಶೋ ನೋಡುವುದನ್ನೇ ಬಿಟ್ಟುಬಿಡಲಾ?

ನಿಮ್ಮ ಪ್ರಶ್ನೆ ಓದಿದೆ. ಆ ರಾತ್ರಿ ನಿದ್ದೆ ಬರುವುದಿಲ್ಲ, ನನಗೆ ಗೊತ್ತು. ಹತ್ತು ವಾರ ಒಬ್ಬರ ಆಟವನ್ನು ಕಣ್ಣಿಟ್ಟು ನೋಡಿರುತ್ತೀರಿ. ಎಲ್ಲಿ ಎಡವಿದರು, ಹೇಗೆ ಸುಧಾರಿಸಿಕೊಂಡರು, ಎಲ್ಲ ನೆನಪಿರುತ್ತದೆ. ಮೊದಲೇ ಹೊರಹೋದವರು ಬಂದು ಆ ಜಾಗದಲ್ಲಿ ನಿಂತರೆ ಹೊಟ್ಟೆ ಉರಿಯುತ್ತದೆ. ನನಗೂ ಉರಿದಿತ್ತು.

2019ರಲ್ಲಿ ನಾನೂ ನನ್ನ ಗೆಳತಿಯೂ ಅಮೆರಿಕದ 'ಸರ್ವೈವರ್' ಶೋನ 38ನೇ ಸೀಸನ್ ನೋಡುತ್ತಿದ್ದೆವು. ಅವಳು ಅವಳ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ, ಮಧ್ಯೆ ಮೆಸೇಜುಗಳ ಸುರಿಮಳೆ. ಆ ಶೋನಲ್ಲಿ ಸ್ಪರ್ಧಿಗಳು ದ್ವೀಪದಲ್ಲಿ ಉಳಿದು, ವೋಟ್ ಹಾಕಿ ಒಬ್ಬೊಬ್ಬರನ್ನಾಗಿ ಹೊರಕಳಿಸುತ್ತಾರೆ. ಕೊನೆಗೆ ಉಳಿದವರಲ್ಲಿ ಯಾರು ಗೆಲ್ಲಬೇಕು ಅಂತ ಹೊರಬಿದ್ದವರ ಜ್ಯೂರಿ ವೋಟ್ ಹಾಕುತ್ತದೆ. ಆ ಸೀಸನ್ನಿನ ಹೆಸರು 'ಎಡ್ಜ್ ಆಫ್ ಎಕ್ಸ್‌ಟಿಂಕ್ಷನ್'. ವೋಟ್ ಬಿದ್ದು ಹೊರಹೋದವರು ಮನೆಗೆ ಹೋಗದೆ ಇನ್ನೊಂದು ದ್ವೀಪದಲ್ಲಿ ಉಳಿಯಬಹುದಿತ್ತು. ಅಲ್ಲಿ ಅರೆಹೊಟ್ಟೆಯಲ್ಲಿ ಕಾದರೆ ಮತ್ತೆ ಆಟಕ್ಕೆ ಬರಲು ಅವಕಾಶ. ಒಟ್ಟು 39 ದಿನದ ಆಟ. ಕ್ರಿಸ್ ಅಂಡರ್‌ವುಡ್ ಅನ್ನುವ ಸ್ಪರ್ಧಿ 8ನೇ ದಿನವೇ ಹೊರಬಿದ್ದ. 35ನೇ ದಿನ ವಾಪಸ್ ಬಂದ. ಬಂದವನು ಗೆದ್ದೇಬಿಟ್ಟ. ಜ್ಯೂರಿಯ 13 ವೋಟುಗಳಲ್ಲಿ 9 ಅವನಿಗೆ. ಆ ಜ್ಯೂರಿಯಲ್ಲಿ ಎಷ್ಟೋ ಜನ ಅದೇ ದ್ವೀಪದಲ್ಲಿ ಅವನ ಜೊತೆ ಹಸಿದು ಕೂತವರು. ಕೊನೆಯ ಸುತ್ತಿನಲ್ಲಿ ಅವನ ಪಕ್ಕದಲ್ಲಿ ಕೂತಿದ್ದ ಗ್ಯಾವಿನ್ ವಿಟ್ಸನ್ ಇಡೀ 39 ದಿನದಲ್ಲಿ ಒಂದು ಸಲವೂ ಹೊರಬಿದ್ದಿರಲಿಲ್ಲ. ಅವನಿಗೆ ಸಿಕ್ಕಿದ್ದು 4 ವೋಟ್.

ನಾನು ಕ್ರಿಸ್‌ನನ್ನು ಬಾಯಿಗೆ ಬಂದ ಹಾಗೆ ಬೈದೆ. ನನ್ನ ಗೆಳತಿ ಬೈಯಲಿಲ್ಲ. ಅವಳು ಬರೆದಿದ್ದು ಇಷ್ಟು: "ಅವನ ಮೇಲೆ ಯಾಕೆ ಕೋಪ? ಬಾಗಿಲು ಇತ್ತು, ಬಂದ. ಬಂದಮೇಲೆ ಧೈರ್ಯವಾಗಿ ಆಡಿದ. ಬಾಗಿಲು ಇಟ್ಟವರನ್ನು ಕೇಳು." ಕ್ರಿಸ್ ನಿಜಕ್ಕೂ ಧೈರ್ಯವಾಗಿ ಆಡಿದ್ದ. ಕೊನೆಯ ನಾಲ್ವರಲ್ಲಿ ಅವನಿಗೆ ಇಮ್ಯುನಿಟಿ ಇತ್ತು, ಅಂದರೆ ಆ ಸಲ ಅವನನ್ನು ಹೊರಹಾಕುವ ಹಾಗಿರಲಿಲ್ಲ. ಅದನ್ನು ಬಿಟ್ಟುಕೊಟ್ಟು, ಸೋತವರು ಹೊರಹೋಗುವ ಬೆಂಕಿ ಹಚ್ಚುವ ಪಂದ್ಯಕ್ಕೆ ತಾನೇ ಕೂತು ಗೆದ್ದ. ಅವಳ ಮಾತು ಸರಿ ಅಂತ ಆಗಲೇ ಗೊತ್ತಾಗಿತ್ತು. ಆದರೆ ಅದು ನನ್ನ ತಲೆಗೆ ಇಳಿಯಲು ಇನ್ನೂ ಎರಡು ವರ್ಷ ಬೇಕಾಯಿತು, ಅದೂ ಅವಳ ಕೈಯಲ್ಲೇ ಪೆಟ್ಟು ತಿಂದ ಮೇಲೆ.

ಎರಡು ವರ್ಷದ ನಂತರ ನಾನು ಗೆಳೆಯರನ್ನೆಲ್ಲ ಸೇರಿಸಿ ಊಹೆಯ ಆಟವೊಂದನ್ನು ಶುರುಮಾಡಿದೆ. 11 ಜನ. ಶೋ ಬೇರೆಯದು, 13 ವಾರದ ಸೀಸನ್. ಪ್ರತಿ ವಾರ ಎಪಿಸೋಡ್ ಬರುವ ಮೊದಲು ಊಹೆ ಕಳಿಸಬೇಕು. ಯಾರು ಹೊರಬೀಳುತ್ತಾರೆ ಅಂತ ಸರಿ ಹೇಳಿದರೆ 5 ಅಂಕ, ಇಮ್ಯುನಿಟಿ ಯಾರಿಗೆ ಅಂತ ಸರಿ ಹೇಳಿದರೆ 3. ಕೊನೆಯ ವಾರ ಇವೆರಡೂ ಇಲ್ಲ, ಗೆಲ್ಲುವವರ ಹೆಸರು ಸರಿಯಾದರೆ 10 ಅಂಕ. ದುಡ್ಡು ಗಿಡ್ಡು ಏನೂ ಇರಲಿಲ್ಲ. ನಿಯಮ ಬರೆದಿದ್ದು, ಲೆಕ್ಕ ಇಟ್ಟಿದ್ದು ಎರಡೂ ನಾನೇ.

ನನ್ನ ಗೆಳತಿ ಆ ಆಟವನ್ನು ಎಷ್ಟು ಶ್ರದ್ಧೆಯಿಂದ ಆಡಿದಳು ಅಂತ ನೀವು ನೋಡಬೇಕಿತ್ತು. ಯಾರು ಯಾರ ಪಕ್ಕ ಕೂರುತ್ತಾರೆ, ಯಾರ ಮಾತನ್ನು ಎಡಿಟ್‌ನಲ್ಲಿ ಜಾಸ್ತಿ ತೋರಿಸುತ್ತಾರೆ, ಯಾರನ್ನು ಎರಡು ವಾರದಿಂದ ತೋರಿಸೇ ಇಲ್ಲ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. 10ನೇ ವಾರ ಮುಗಿದಾಗ ಅವಳದ್ದು 58 ಅಂಕ. ಎರಡನೇ ಜಾಗದಲ್ಲಿದ್ದವರದ್ದು 39.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಅದರೊಳಗೇ ಇದೆ.

ಆ ಹೊತ್ತಿಗೆ ಗುಂಪು ಸತ್ತುಹೋಗಿತ್ತು. 11 ಜನರಲ್ಲಿ ಊಹೆ ಕಳಿಸುತ್ತಿದ್ದವರು ನಾಲ್ವರು. ಗೆಲ್ಲುವವರು ಯಾರು ಅಂತ ಗೊತ್ತಾಗಿಬಿಟ್ಟಿದೆ, ಇನ್ನೇನು ಆಡುವುದು ಅಂತ ಉಳಿದವರೆಲ್ಲ ಸುಮ್ಮನಾಗಿದ್ದರು. ನನಗೆ ಬೇಜಾರಾಯಿತು. ಒಂದು ಭಾನುವಾರ ರಾತ್ರಿ ಅಂಕಪಟ್ಟಿ ತೆರೆದುಕೊಂಡು ಕೂತು, ಫಿನಾಲೆಯ ಊಹೆಗೆ 10ರ ಬದಲು ಜಾಸ್ತಿ ಅಂಕ ಇಡೋಣ ಅಂದುಕೊಂಡೆ. ಮೊದಲು 20 ಅಂತ ಬರೆದೆ. ಆಮೇಲೆ ಪಟ್ಟಿ ನೋಡಿದೆ. ಅವಳ ಮುನ್ನಡೆ 19. ಇಪ್ಪತ್ತು ಸಾಲುವುದಿಲ್ಲ ಅನ್ನಿಸಿತು. ಅಳಿಸಿ 30 ಅಂತ ಬರೆದೆ.

ಗಮನಿಸಿ, ಆ 30 ಎಲ್ಲಿಂದ ಬಂತು? ಆಟದಿಂದ ಬರಲಿಲ್ಲ. ಅವಳ ಹೆಸರಿನ ಮುಂದಿದ್ದ ಅಂಕಿಯನ್ನು ನೋಡಿ, ಅದನ್ನು ದಾಟಲು ಎಷ್ಟು ಬೇಕು ಅಂತ ಲೆಕ್ಕ ಹಾಕಿ ಬಂತು. ಅವಳನ್ನು ಸೋಲಿಸಬೇಕು ಅಂತ ನನ್ನ ಮನಸ್ಸಿನಲ್ಲಿ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಎಲ್ಲರೂ ಮತ್ತೆ ಆಡಲಿ ಅಂತಷ್ಟೇ ಇತ್ತು. ಆದರೆ ಎಲ್ಲರೂ ಮತ್ತೆ ಆಡಬೇಕು ಅಂದರೆ ಅವಳ ಹತ್ತು ವಾರದ ಕೆಲಸಕ್ಕೆ ಬೆಲೆ ಇಲ್ಲದ ಹಾಗೆ ಮಾಡಬೇಕಿತ್ತು. ನಾನು ಮಾಡಿದ್ದು ಅದನ್ನೇ. ಒಳ್ಳೆಯ ಉದ್ದೇಶ ಇತ್ತು ಅನ್ನುವ ಕಾರಣಕ್ಕೆ ನನಗೆ ಅದು ಕಾಣಲೇ ಇಲ್ಲ.

"ಫಿನಾಲೆ ಊಹೆಗೆ ಇನ್ನು 30 ಅಂಕ! ಈಗ ಯಾರು ಬೇಕಾದರೂ ಗೆಲ್ಲಬಹುದು!" ಅಂತ ಗುಂಪಿನಲ್ಲಿ ಹಾಕಿದೆ. ಐದು ನಿಮಿಷದಲ್ಲಿ ಗುಂಪು ಎದ್ದು ಕೂತಿತು. ವಾರಗಟ್ಟಲೆ ಮಾತಾಡದವರೆಲ್ಲ ಬಂದರು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವಳು ಕೇಳಿದ ಪ್ರಶ್ನೆಯನ್ನು ಸರಿಯಾಗಿ ಓದಲೂ ಇಲ್ಲ. ಅವಳು ಕೇಳಿದ್ದು: "ಇದು ನೀನು ಮೊದಲೇ ಯೋಚಿಸಿಟ್ಟಿದ್ದಾ, ಈಗ ಮಾಡಿದ್ದಾ?"

ಎರಡೇ ಎರಡು ಉತ್ತರ ಇರುವ ಪ್ರಶ್ನೆ. ನಾನು ಎರಡನ್ನೂ ಹೇಳಲಿಲ್ಲ. "ಸುಮ್ನೆ ಆಟಕ್ಕೆ ಮಜಾ ಬರಲಿ ಅಂತ ಕಣೇ" ಅಂದೆ. ಅವಳು ಮತ್ತೆ ಕೇಳಲಿಲ್ಲ.

ಫಿನಾಲೆ ದಿನ ಅವಳ ಹತ್ತಿರ 66 ಅಂಕ ಇತ್ತು. 41 ಅಂಕ ಇದ್ದ ಒಬ್ಬ, ಮಧ್ಯದಲ್ಲಿ ನಾಲ್ಕು ವಾರ ಊಹೆಯನ್ನೇ ಕಳಿಸದವನು, ಗೆಲ್ಲುವವರ ಹೆಸರನ್ನು ಸರಿಯಾಗಿ ಹೇಳಿದ. 71. ಅವಳ ಊಹೆ ತಪ್ಪಿತು. ಹಳೆಯ ನಿಯಮವೇ ಇದ್ದಿದ್ದರೆ ಅವನದ್ದು 51 ಆಗುತ್ತಿತ್ತು, ಅವಳು 15 ಅಂಕದಿಂದ ಗೆಲ್ಲುತ್ತಿದ್ದಳು. ಅವಳು ಅವನಿಗೆ ಅಭಿನಂದನೆ ಹೇಳಿದಳು. ಅದೇ ರಾತ್ರಿ ಗುಂಪು ಬಿಟ್ಟಳು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇಷ್ಟು ಸಣ್ಣ ವಿಷಯಕ್ಕೆ ಯಾರಾದರೂ ಹೀಗೆ ಮಾಡ್ತಾರಾ, ಬರೀ ಆಟ ಅಲ್ವಾ" ಅಂತ ನಾನು ಬೇರೆಯವರ ಹತ್ತಿರ ಹೇಳಿಕೊಂಡು ತಿರುಗಿದೆ. ಅವಳ ಕಿವಿಗೆ ಅದೂ ಬಿತ್ತು.

ಟಿವಿಯವರೂ ಇದೇ ಮಾತನ್ನು ಹೇಳುತ್ತಾರೆ, ನೋಡಿ. ಬರೀ ಆಟ. ಮಜಾ ಬರಲಿ ಅಂತ. ಅವರು ಯಾಕೆ ಟ್ವಿಸ್ಟ್ ತರುತ್ತಾರೆ ಅಂತ ಈಗ ನನಗೆ ಪೂರ್ತಿ ಅರ್ಥವಾಗುತ್ತದೆ. ಒಬ್ಬರೇ ಮುಂದೆ ಓಡಿದರೆ ನೋಡುವವರು ಚಾನೆಲ್ ಬದಲಿಸುತ್ತಾರೆ. ಆದರೆ ಅರ್ಥವಾಯಿತು ಅಂದರೆ ಒಪ್ಪಿದ ಹಾಗಲ್ಲ.

ಈಗ ನಿಮ್ಮ ಪ್ರಶ್ನೆ. "ಟ್ವಿಸ್ಟ್‌ಗಳೇ ಇರಬಾರದು, ಇದ್ದರೆ ಅದು ಸ್ಕ್ರಿಪ್ಟ್ ಅಂತಲೇ ಅರ್ಥ" ಅಂತ ಬರೆದಿದ್ದೀರಿ. ಈ ಎರಡನ್ನೂ ನಾನು ಒಪ್ಪುವುದಿಲ್ಲ.

ಮೊದಲು ಸ್ಕ್ರಿಪ್ಟ್ ವಿಷಯ. ಫಲಿತಾಂಶವನ್ನು ಕದ್ದು ತಿದ್ದುವುದು ಬೇರೆಯೇ ಅಪರಾಧ. 1950ರ ದಶಕದಲ್ಲಿ ಅಮೆರಿಕದ ಟಿವಿ ಕ್ವಿಜ್‌ಗಳಲ್ಲಿ ಬೇಕಾದ ಸ್ಪರ್ಧಿಗೆ ಉತ್ತರ ಮೊದಲೇ ಕೊಡುತ್ತಿದ್ದುದು ಬಯಲಾಯಿತು. 1960ರಲ್ಲಿ ಅದನ್ನು ತಡೆಯಲು ಕಾನೂನೇ ಬಂತು. ದಕ್ಷಿಣ ಕೊರಿಯಾದಲ್ಲಿ 'ಪ್ರೊಡ್ಯೂಸ್' ಹೆಸರಿನ ಶೋಗಳಲ್ಲಿ ವೀಕ್ಷಕರ ವೋಟುಗಳನ್ನು ತಿರುಚಿದ್ದು 2019ರಲ್ಲಿ ಹೊರಬಿದ್ದು, ಮರುವರ್ಷ ನಿರ್ಮಾಪಕರಿಗೆ ಜೈಲಾಯಿತು. ನಿಮ್ಮ ಶೋನಲ್ಲಿ ಆಗಿದ್ದು ಅದಲ್ಲ. ನಿಯಮ ಬದಲಾಯಿಸಿದ್ದನ್ನು ಅವರು ನಿಮ್ಮ ಕಣ್ಣೆದುರೇ ಹೇಳಿದ್ದಾರೆ. ಅದಕ್ಕೆ ಮೋಸ ಅಂತ ಹೆಸರಿಟ್ಟರೆ ಅವರು "ನಾವೇನೂ ಮುಚ್ಚಿಟ್ಟಿಲ್ಲ" ಅಂದು ನುಣುಚಿಕೊಳ್ಳುತ್ತಾರೆ. ನಿಮ್ಮ ದೂರು ಏನು ಅಂತ ಸರಿಯಾಗಿ ಹೇಳಿ: ಅರ್ಧ ಆಟ ಆದಮೇಲೆ ನಿಯಮ ಬದಲಾಯಿತು.

ಟ್ವಿಸ್ಟ್‌ಗಳೇ ಬೇಡ ಅನ್ನುವುದೂ ತಪ್ಪು ಅಂತ ನನಗನ್ನಿಸುತ್ತದೆ. ಅದೇ 'ಸರ್ವೈವರ್'ನ ಬೆಂಕಿ ಹಚ್ಚುವ ಪಂದ್ಯ ತೆಗೆದುಕೊಳ್ಳಿ. 2017ರ 35ನೇ ಸೀಸನ್ನಿನಲ್ಲಿ ನಾಲ್ವರು ಉಳಿದಾಗ ಇದ್ದಕ್ಕಿದ್ದಂತೆ ಹೊಸ ನಿಯಮ ಬಂತು. ಇಮ್ಯುನಿಟಿ ಗೆದ್ದವರು ಒಬ್ಬರನ್ನು ಉಳಿಸಿಕೊಳ್ಳಬೇಕು, ಉಳಿದ ಇಬ್ಬರು ಬೆಂಕಿ ಹಚ್ಚಿ ಗೆಲ್ಲಬೇಕು. ಬೆನ್ ಡ್ರೀಬರ್ಗನ್‌ನನ್ನು ಆ ರಾತ್ರಿ ವೋಟ್ ಹಾಕಿ ಕಳಿಸಲು ಉಳಿದವರು ಸಿದ್ಧರಾಗಿದ್ದರು. ವೋಟೇ ನಡೆಯಲಿಲ್ಲ. ಅವನು ಬೆಂಕಿ ಹಚ್ಚಿ ಉಳಿದ, ಸೀಸನ್ನನ್ನೇ ಗೆದ್ದ. ಜನ ಕೆರಳಿದರು. ಮುಂದಿನ ಸೀಸನ್‌ಗಳಲ್ಲೂ ಅದೇ ನಿಯಮ ಉಳಿಯಿತು. ಆಗ ಸ್ಪರ್ಧಿಗಳು ಬೆಂಕಿ ಹಚ್ಚುವುದನ್ನು ಅಭ್ಯಾಸ ಮಾಡಿಕೊಂಡು ಬಂದರು. ಯಾರನ್ನು ಬೆಂಕಿಗೆ ಕೂರಿಸಬೇಕು ಅಂತ ಮೊದಲೇ ಯೋಚಿಸಿದರು. ಆ ಪಂದ್ಯ ನನಗೆ ಈಗಲೂ ಪೂರ್ತಿ ಇಷ್ಟವಿಲ್ಲ, ಆದರೆ ಅದರಲ್ಲಿ ಸೋತವರಿಗೆ ಅನ್ಯಾಯವಾಯಿತು ಅಂತ ಹೇಳಲಾರೆ. ಅದೇ ನಿಯಮ, ಅದೇ ಬೆಂಕಿ. ಗೊತ್ತಿದ್ದು ಆಡಿದರಾ, ಗೊತ್ತಿಲ್ಲದೆ ಆಡಿದರಾ, ಅಷ್ಟೇ ವ್ಯತ್ಯಾಸ.

ಹಾಡಿನ ಸ್ಪರ್ಧೆ 'ಅಮೆರಿಕನ್ ಐಡಲ್' 2009ರಲ್ಲಿ ತಂದ 'ಜಡ್ಜಸ್ ಸೇವ್' ಕೂಡ ಟ್ವಿಸ್ಟೇ. ಜನರ ವೋಟಿನಲ್ಲಿ ಸೋತವರನ್ನು ತೀರ್ಪುಗಾರರು ಉಳಿಸಬಹುದು, ಆದರೆ ಸೀಸನ್ನಿಗೆ ಒಂದೇ ಸಲ, ಅದೂ ಐವರು ಉಳಿಯುವ ತನಕ ಮಾತ್ರ. ಇಷ್ಟೇ ಅಂತ ಗೆರೆ ಎಳೆದು ಹೇಳಿದ್ದರು. ಬೇಕೋ ಬೇಡವೋ ಅಂತ ವಾದ ಮಾಡಬಹುದು, ಬೆನ್ನಿಗೆ ಚೂರಿ ಹಾಕಿದರು ಅಂತ ಅನ್ನಲಾಗುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬರಿಸುವುದು 'ಸರ್ವೈವರ್'ನ 2021ರ 41ನೇ ಸೀಸನ್ನಿನ ಮರಳು ಗಡಿಯಾರದಂಥದ್ದು. ಒಂದು ತಂಡ ಪಂದ್ಯ ಗೆದ್ದಿತ್ತು, ಇಮ್ಯುನಿಟಿ ಸಿಕ್ಕಿತ್ತು, ಗೆದ್ದ ಊಟವನ್ನೂ ಮಾಡಿತ್ತು. ಆಮೇಲೆ ಆ ತಂಡದಲ್ಲಿಲ್ಲದ ಒಬ್ಬ ಸ್ಪರ್ಧಿಯ ಕೈಗೆ ಗಡಿಯಾರ ಕೊಟ್ಟು, ಇದನ್ನು ಒಡೆದರೆ ಆ ಫಲಿತಾಂಶ ತಿರುಗುಮುರುಗು ಅಂದರು. ಆಕೆ ಒಡೆದಳು. ಯಾರು ತಾನೇ ಒಡೆಯುವುದಿಲ್ಲ? ಗೆದ್ದವರು ಇಮ್ಯುನಿಟಿ ಕಳೆದುಕೊಂಡರು. ಇದರಲ್ಲಿ ಸ್ಪರ್ಧಿಗಳು ಹುಷಾರಾಗಿರಬೇಕಿತ್ತು ಅನ್ನಲು ಜಾಗವೇ ಇಲ್ಲ. ಪಂದ್ಯ ಗೆಲ್ಲುವುದಕ್ಕಿಂತ ಜಾಸ್ತಿ ಅವರು ಏನು ಮಾಡಬಹುದಿತ್ತು? ಮುಂದಿನ ಸೀಸನ್ನಿನಲ್ಲೂ ಅದನ್ನು ಇಟ್ಟು, ಆಮೇಲೆ ಕೈಬಿಟ್ಟರು.

ಹಾಗಾಗಿ ನೀವು ನೋಡುವುದನ್ನು ಬಿಡಬೇಕಾ ಅನ್ನುವುದಕ್ಕೆ ನನ್ನ ಹತ್ತಿರ ಹೌದು ಅಲ್ಲ ಅನ್ನುವ ಉತ್ತರವಿಲ್ಲ. ಒಂದು ಕೆಲಸ ಮಾತ್ರ ಖಂಡಿತ ಮಾಡಬೇಡಿ. ಆ ಟ್ವಿಸ್ಟ್‌ನಿಂದ ವಾಪಸ್ ಬಂದ ಸ್ಪರ್ಧಿಯ ಪೇಜಿಗೆ ಹೋಗಿ ಬರೆಯಬೇಡಿ. ಬರೆದೂ ಆಗಿದೆ ಅಂತ ನಿಮ್ಮ ಪ್ರಶ್ನೆಯಲ್ಲೇ ಇದೆ. ಇವತ್ತೇ ಅಳಿಸಿ. ಅವರಿಗೆ ಬಾಗಿಲು ತೋರಿಸಿದರು, ಒಳಗೆ ಬಂದರು. ನನ್ನ ಗುಂಪಿನಲ್ಲಿ 71 ಅಂಕ ತೆಗೆದವನೂ ಏನೂ ತಪ್ಪು ಮಾಡಿರಲಿಲ್ಲ.

ಮುಂದಿನ ಸೀಸನ್ ಶುರುವಾದಾಗ ಮೊದಲ ಎಪಿಸೋಡ್ ಗಮನವಿಟ್ಟು ನೋಡಿ. ಹೊರಬಿದ್ದವರು ವಾಪಸ್ ಬರುವ ದಾರಿ ಇದೆಯಾ ಇಲ್ಲವಾ ಅಂತ ನಿರೂಪಕರು ಹೇಳುತ್ತಾರಾ ನೋಡಿ. ಹೇಳಿದರೆ, ಒಪ್ಪಿಗೆಯಾದರೆ, ಕೂತು ನೋಡಿ. ಹೇಳದಿದ್ದರೂ ನೋಡಬಹುದು, ಆದರೆ ವೋಟ್ ಹಾಕಬೇಡಿ, ಬೇರೆಯವರ ಹತ್ತಿರ ಹಾಕಿಸಲೂ ಬೇಡಿ. ಚಾನೆಲ್‌ಗೆ ಬರೆಯುವುದಾದರೆ ನಿಮ್ಮ ಸ್ಪರ್ಧಿಯ ಗುಣಗಾನ ಮಾಡುತ್ತಾ ಕೂರಬೇಡಿ. ನನ್ನ ಗೆಳತಿ ನನ್ನನ್ನು ಕೇಳಿದ್ದನ್ನೇ ಕೇಳಿ. ಈ ನಿಯಮ ಸೀಸನ್ ಶುರುವಾಗುವ ಮೊದಲೇ ಇತ್ತಾ, ಅಂಕಪಟ್ಟಿ ನೋಡಿ ಮಾಡಿದ್ದಾ?

ನಾನು ಅವಳಿಗೆ ಉತ್ತರ ಕೊಟ್ಟಿದ್ದು ಎಂಟು ತಿಂಗಳು ಆದಮೇಲೆ. "ಅವತ್ತೇ ಮಾಡಿದ್ದು. ನಿನ್ನ ಅಂಕ ನೋಡಿಯೇ 30 ಇಟ್ಟಿದ್ದು" ಅಂತ ಬರೆದೆ. ತನ್ನ ನೋಟ್‌ಬುಕ್ಕಿನ ಒಂದು ಪುಟದ ಫೋಟೋ ಕಳಿಸಿದಳು. 10ನೇ ವಾರದ ಪುಟ. ಕೆಳಗೆ, ಆ ಭಾನುವಾರವೇ ಬರೆದುಕೊಂಡಿದ್ದು: 58 ಕಳೆ 39, 19. ಅದರ ಪಕ್ಕದಲ್ಲಿ 30.

ಈಗ ಮಾತಾಡುತ್ತೇವೆ. ಶೋಗಳನ್ನು ಮಾತ್ರ ಅವಳು ನನ್ನ ಜೊತೆ ನೋಡುವುದಿಲ್ಲ.