ಆಮೆಮರಿ ಕಣ್ಣು ತೆರೆಯುತ್ತಿಲ್ಲ, ಚಿಪ್ಪು ಮೆತ್ತಗಾಗಿದೆ

ಪ್ರಶ್ನೆ: ಮೂರು ತಿಂಗಳ ಹಿಂದೆ ಮಗಳ ಆಸೆಗೆ ಪುಟ್ಟ ಹಸಿರು ಆಮೆಮರಿ ತಂದೆವು. ಕಣ್ಣಿನ ಹಿಂದೆ ಕೆಂಪು ಪಟ್ಟಿಯಿದೆ. ಪ್ಲಾಸ್ಟಿಕ್ ಬೋಗುಣಿಯಲ್ಲಿಟ್ಟು ಒಣ ಸಿಗಡಿ ಹಾಕುತ್ತಿದ್ದೇವೆ. ಈಗ ಕಣ್ಣು ಊದಿ ಮುಚ್ಚಿಕೊಂಡಿದೆ, ಐದು ದಿನದಿಂದ ತಿಂದಿಲ್ಲ, ಚಿಪ್ಪೂ ಮೆತ್ತಗಾಗಿದೆ. ಸಾಕಲು ಆಗದಿದ್ದರೆ ಕೆರೆಗೆ ಬಿಡಬಹುದೇ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮದು ರೆಡ್ ಇಯರ್ಡ್ ಸ್ಲೈಡರ್, ಅಮೆರಿಕದ ಮಿಸಿಸಿಪ್ಪಿ ಸೀಮೆಯ ಆಮೆ. ಒಣ ಸಿಗಡಿಯೊಂದನ್ನೇ ತಿಂದ ಮರಿಗೆ ಎ ಜೀವಸತ್ವ ಸಾಲುವುದಿಲ್ಲ. ಜೊತೆಗೆ ನೀರು ಕೊಳಕಾದರೆ ಕಣ್ಣು ಊದುತ್ತದೆ. ಕಣ್ಣು ಕಾಣದಿದ್ದರೆ ಅದು ಆಹಾರ ಮುಟ್ಟುವುದೇ ಇಲ್ಲ. ಚಿಪ್ಪು ಮೆತ್ತಗಾಗುವುದು ಕ್ಯಾಲ್ಸಿಯಂ ಮತ್ತು ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ) ಕಿರಣದ ಕೊರತೆಯಿಂದ. ಮರಿಯ ಚಿಪ್ಪಿನ ಅಂಚು ತುಸು ಬಾಗುವುದು ಸಹಜ. ಆದರೆ ಬೆನ್ನಿನ ನಡುಭಾಗ ಬೆರಳ ತುದಿ ತಾಗಿಸಿದರೇ ತಗ್ಗುತ್ತದೆ ಎಂದಾದರೆ ಅದು ಕಾಯಿಲೆ.

ಮೊದಲು ಸರೀಸೃಪ ನೋಡುವ ಪಶುವೈದ್ಯರಿಗೆ ತೋರಿಸಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಜೀವಸತ್ವದ ಹನಿಯನ್ನು ನೀವೇ ಹಾಕಬೇಡಿ: ಎ ಹೆಚ್ಚಾದರೆ ಚರ್ಮ ಸುಲಿದು ಬರುತ್ತದೆ. ಮನೆಯಲ್ಲಿರುವ ಮನುಷ್ಯರ ಕಣ್ಣಿನ ಔಷಧಿಯೂ ಬೇಡ. ಅಲ್ಲಿಯವರೆಗೆ ದಿನಕ್ಕೆರಡು ಸಲ ಅರ್ಧ ಗಂಟೆ, 28 ಡಿಗ್ರಿಯ ಉಗುರುಬೆಚ್ಚಗಿನ ಶುದ್ಧ ನೀರಿನಲ್ಲಿಡಿ. ನೀರು ಚಿಪ್ಪಿನ ಅರ್ಧಕ್ಕಷ್ಟೇ ಬರಲಿ. ಸೊರಗಿದ ಮರಿ ಆಳದ ನೀರಲ್ಲಿ ಮುಳುಗಿ ಸಾಯುತ್ತದೆ. ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಒಂದು ಬದಿಗೆ ವಾಲಿ ಈಜಿದರೆ ಶ್ವಾಸಕೋಶದ ಸೋಂಕಿರಬಹುದು. ಆಗ ಮರುದಿನಕ್ಕೆ ಕಾಯಬೇಡಿ.

ಬೋಗುಣಿಯನ್ನಂತೂ ಇವತ್ತೇ ಬಿಟ್ಟುಬಿಡಿ. ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು ಎಂಬುದು ಲೆಕ್ಕ, ಅಂದರೆ ಎರಡಿಂಚಿನ ಮರಿಗೆ 80 ಲೀಟರ್. ಈಗಲೇ ದೊಡ್ಡ ಟ್ಯಾಂಕ್ ತಂದರೆ ಲಾಭ, ಏಕೆಂದರೆ ಹೆಣ್ಣು 10ರಿಂದ 12 ಇಂಚು ಬೆಳೆದು 20–30 ವರ್ಷ ಬದುಕುತ್ತದೆ. ನೀರು 26 ಡಿಗ್ರಿಯಲ್ಲಿರಲಿ; ಚಳಿಗಾಲಕ್ಕೆ ಹೀಟರ್ ಬೇಕು. ಫಿಲ್ಟರ್ ಕೊಳ್ಳುವಾಗ ಟ್ಯಾಂಕಿನ ಎರಡು ಪಟ್ಟು ನೀರಿಗೆ ಆಗುವಂಥದ್ದನ್ನೇ ಕೇಳಿ, ಆಮೆ ಮೀನಿಗಿಂತ ಬಹಳ ಗಲೀಜು ಮಾಡುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ.

ಮೈ ಪೂರ್ತಿ ಒಣಗುವಂಥ ಕಟ್ಟೆಯೊಂದು ನೀರಿನ ಮೇಲಿರಬೇಕು. ಅಲ್ಲಿ 32 ಡಿಗ್ರಿ ಕೊಡುವ ಬಲ್ಬು, ಜೊತೆಗೆ ಯುವಿಬಿ 5.0 ಎಂದು ಬರೆದ ಟ್ಯೂಬು, ದಿನಕ್ಕೆ 10–12 ಗಂಟೆ. ಬಹಳ ಜನ ಎಡವುವುದು ಇಲ್ಲೇ: ಟ್ಯೂಬಿನ ಕೆಳಗೆ ಗಾಜಿನ ಮುಚ್ಚಳ ಇಡುತ್ತಾರೆ. ಗಾಜು ಯುವಿಬಿಯನ್ನು ಒಳಗೆ ಬಿಡುವುದಿಲ್ಲ, ಕಿಟಕಿಯ ಬಿಸಿಲೂ ಅದೇ ಕಾರಣಕ್ಕೆ ಸಾಲದು. ಬೆಳಕು ಉರಿಯುತ್ತಿದ್ದರೂ ಕಿರಣ ಕ್ಷೀಣಿಸುತ್ತದೆ, ಹಾಗಾಗಿ ಟ್ಯೂಬನ್ನು 6–12 ತಿಂಗಳಿಗೊಮ್ಮೆ ಬದಲಿಸಿ. ಬೆಳಗಿನ ಬಿಸಿಲಿಗೆ 20 ನಿಮಿಷ ಇಡಬಹುದು. ಅರ್ಧ ನೆರಳಿರುವ ಅಗಲದ ಟಬ್ಬಿನಲ್ಲಿ, ಗಾಜಿನ ಟ್ಯಾಂಕಿನಲ್ಲಲ್ಲ.

ಚೇತರಿಸಿಕೊಂಡ ಮೇಲೆ ದಿನಕ್ಕೊಮ್ಮೆ ಅದರ ತಲೆಯ ಗಾತ್ರದಷ್ಟು ಆಮೆ ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ) ಹಾಕಿ, ನೀರಿನಲ್ಲೇ. ನೀರಿಲ್ಲದೆ ಅದಕ್ಕೆ ನುಂಗಲಾಗದು. ತುರಿದ ಕ್ಯಾರೆಟ್, ಸಿಹಿಗುಂಬಳ ರೂಢಿಸಿ. ಕ್ಯಾಲ್ಸಿಯಂಗಾಗಿ ಹಕ್ಕಿ ಆಹಾರದ ಅಂಗಡಿಯಲ್ಲಿ ಸಿಗುವ, ಸಮುದ್ರಜೀವಿಯ ಒಳಚಿಪ್ಪಾದ ಕಟಲ್‌ಬೋನ್ ತುಂಡೊಂದು ಟ್ಯಾಂಕಿನಲ್ಲಿರಲಿ. ಪಾಲಕ್ ಬೇಡ, ಅದು ಕ್ಯಾಲ್ಸಿಯಂ ದಕ್ಕಲು ಬಿಡುವುದಿಲ್ಲ.

ಆಮೆ ಮುಟ್ಟಿದ ಮಗಳು ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯಲಿ. ಟ್ಯಾಂಕಿನ ನೀರನ್ನು ಅಡುಗೆಮನೆ ಸಿಂಕಿಗೆ ಚೆಲ್ಲಬೇಡಿ. ಮನುಷ್ಯರಿಗೆ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತ ಆಮೆಯಲ್ಲಿ ರೋಗದ ಸುಳಿವೇ ಇರುವುದಿಲ್ಲ. ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲೇ ನಿಷೇಧಿಸಿದ್ದು ಮಕ್ಕಳಿಗೆ ತಗಲುತ್ತಿದ್ದ ಇದೇ ಸೋಂಕಿಗಾಗಿ.

ಕೆರೆಗೆ ಮಾತ್ರ ಖಂಡಿತ ಬಿಡಬೇಡಿ. ನಮ್ಮ ಕೆರೆಯಾಮೆಗಳ ಆಹಾರ, ಬಿಸಿಲು ಕಾಯುವ ಜಾಗ ಎರಡನ್ನೂ ಇದು ಕಿತ್ತುಕೊಳ್ಳುತ್ತದೆ, ರೋಗವನ್ನೂ ಹರಡಬಹುದು. ಸಾಕಲಾಗದಿದ್ದರೆ ದೊಡ್ಡ ಟ್ಯಾಂಕ್, ಯುವಿಬಿ ದೀಪ ಇರುವವರನ್ನು ಹುಡುಕಿ, ಮರಿ ಗುಣವಾದ ಮೇಲೆ ಅವರ ಕೈಗೊಪ್ಪಿಸಿ.