ನೋಟ್ಸ್‌ನಲ್ಲಿ ಬಣ್ಣ, ಚಿತ್ರ ಜಾಸ್ತಿ ಹಾಕಿದರೆ ಮಕ್ಕಳು ಚೆನ್ನಾಗಿ ಯೋಚಿಸುತ್ತಾರಾ?

ಇದೇ ಆಸೆಯಿಂದ ನಾನೂ ರಾತ್ರಿಯೆಲ್ಲ ಕೂತು ಸ್ಲೈಡ್ ಮಾಡಿದವನು. ಋತುಗಳ ಪಾಠ. ಸೂರ್ಯ, ಸುತ್ತ ಉದ್ದನೆಯ ಮೊಟ್ಟೆಯಾಕಾರದ ಕಕ್ಷೆ, ಅದರ ಮೇಲೆ ನಾಲ್ಕು ಕಡೆ ಭೂಮಿ. ಬೇಸಿಗೆಯ ಭೂಮಿಗೆ ಕೆಂಪು, ಚಳಿಗಾಲದ್ದಕ್ಕೆ ನೀಲಿ. ತರಗತಿಯಲ್ಲಿ ಎಲ್ಲರಿಗೂ ಇಷ್ಟವಾಯಿತು.

ಪರೀಕ್ಷೆಯಲ್ಲಿ ಬೇಸಿಗೆ ಯಾಕೆ ಬರುತ್ತದೆ ಅಂತ ಕೇಳಿದರೆ ಹೆಚ್ಚಿನವರದು ಒಂದೇ ಉತ್ತರ: ಆಗ ಭೂಮಿ ಸೂರ್ಯನ ಹತ್ತಿರ ಇರುತ್ತದೆ. ಅಕ್ಷ ಓರೆಯಾಗಿರುವುದೇ ಕಾರಣ ಅಂತ ಬಾಯಲ್ಲಿ ಮತ್ತೆ ಮತ್ತೆ ಹೇಳಿದ್ದೆ. ಒಬ್ಬ ಹುಡುಗಿಯನ್ನು ಕರೆದು ಕೇಳಿದೆ. ಅವಳು ನಾನೇ ಕೊಟ್ಟ ಪ್ರಿಂಟ್ ತೆಗೆದು ಜೂನ್ ಭೂಮಿಯ ಮೇಲೆ ಬೆರಳಿಟ್ಟಳು. "ಇಲ್ಲಿ ಹತ್ತಿರ ಇದೆಯಲ್ಲ ಸರ್."

ನಿಜ, ಹತ್ತಿರ ಇತ್ತು. ಬಲಗಡೆ ವಿವರ ಬರೆಯಲು ಜಾಗ ಸಾಲದೆ ಸೂರ್ಯನನ್ನು ಎಡಕ್ಕೆ ಸರಿಸಿದ್ದೆ, ಎಡತುದಿಯಲ್ಲಿ ಇದ್ದದ್ದು ಜೂನ್. ನನ್ನ ಮಟ್ಟಿಗೆ ಅದು ಸುಮ್ನೆ ಜಾಗದ ಹೊಂದಾಣಿಕೆ, ಅವಳ ಮಟ್ಟಿಗೆ ಅದು ದೂರದ ಲೆಕ್ಕ. ವಾಸ್ತವ ಪೂರ್ತಿ ಉಲ್ಟಾ: ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ., ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿ.ಮೀ. ಇನ್ನು ಆ ಮೊಟ್ಟೆ! ಹೆಚ್ಚುಕಮ್ಮಿ ದುಂಡಗಿರುವ ಕಕ್ಷೆಯನ್ನು ಪಕ್ಕದಿಂದ ಓರೆಯಾಗಿ ನೋಡಿದ ಹಾಗೆ ಬರೆದಿದ್ದೆ, ಆದರೆ ಹಾಗಂತ ಎಲ್ಲೂ ಹೇಳಿರಲಿಲ್ಲ. ಕಕ್ಷೆಯನ್ನು 10 ಸೆಂ.ಮೀ. ಅಗಲಕ್ಕೆ ಸರಿಯಾಗಿ ಬರೆದರೆ ಅದರ ಉದ್ದಗಲದ ವ್ಯತ್ಯಾಸ ಪೆನ್ಸಿಲ್ ಗೆರೆಯ ದಪ್ಪದಷ್ಟೂ ಇರುವುದಿಲ್ಲ. ಇದರ ಮೇಲೆ ಕೆಂಪು, ನೀಲಿ ಬೇರೆ ಬಳಿದಿದ್ದೆ, ಇಡೀ ಭೂಮಿಗೇ ಒಮ್ಮೆಲೇ ಬೇಸಿಗೆ ಬರುತ್ತದೆ ಅನ್ನೋ ಹಾಗೆ. ದಕ್ಷಿಣಾರ್ಧಗೋಳದಲ್ಲಿ ಆಗ ಚಳಿಗಾಲ ಅಲ್ವಾ? ಪಾಠ ಮೊದಲಿಂದ ಮಾಡಿದೆ. ಆದರೂ ಮುಂದಿನ ವರ್ಷ ಕೆಲವರು ಮತ್ತೆ ಅದೇ ಉತ್ತರ ಬರೆದರು.

ಹಾಗಾಗಿ ಎಷ್ಟು ಬಣ್ಣ ಹಾಕಬೇಕು ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಚಿತ್ರದಲ್ಲಿರುವ ಪ್ರತಿಯೊಂದನ್ನೂ ಮಕ್ಕಳು ಮಾಹಿತಿ ಅಂತಲೇ ಓದುತ್ತಾರೆ. ಪುಸ್ತಕಗಳಲ್ಲಿ ಅಭಿಧಮನಿಗೆ ನೀಲಿ ಹಾಕಿರುತ್ತಾರೆ. ಒಳಗಿನ ರಕ್ತ ಕಡುಗೆಂಪೇ ಆದರೂ ಅದು ನೀಲಿ ಅಂತ ನಂಬಿದ ದೊಡ್ಡವರೂ ಇದ್ದಾರೆ. ಸುಮ್ನೆ ಅಂದಕ್ಕೆ ಅಂತ ಸೇರಿಸುವ ಚಿತ್ರವೂ ಬೇಡ. ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಪ್ರಯೋಗಗಳಲ್ಲಿ, ಪಾಠಕ್ಕೆ ಸಂಬಂಧವಿಲ್ಲದ ಆಕರ್ಷಕ ವಿವರಗಳನ್ನು ತೆಗೆದಾಗಲೇ ವಿದ್ಯಾರ್ಥಿಗಳು ಚೆನ್ನಾಗಿ ಕಲಿತರು.

ಈಗ ನಾನು ಎರಡು ಚಿತ್ರ ಕೊಡುತ್ತೇನೆ. ಒಂದು ಮೇಲಿನಿಂದ ಕಾಣುವ ದುಂಡನೆಯ ಕಕ್ಷೆ. ಇನ್ನೊಂದು ಪಕ್ಕದಿಂದ ಕಾಣುವ ಭೂಮಿ, 23.5 ಡಿಗ್ರಿ ಓರೆ, ಎರಡೂ ಅರ್ಧಗೋಳಗಳ ಮೇಲೆ ಬಿಸಿಲು ಬೀಳುವ ರೀತಿ. ಎಲ್ಲಿಂದ ನೋಡುತ್ತಿದ್ದೇವೆ ಅನ್ನೋದನ್ನು ಎರಡರಲ್ಲೂ ಬರೆದಿರುತ್ತೇನೆ.

ನೀವೂ ಪ್ರಿಂಟ್ ಹಾಕುವ ಮೊದಲು ಅಕ್ಷರಗಳನ್ನೆಲ್ಲ ಮುಚ್ಚಿ, ಪಾಠ ಕೇಳದ ಒಂದು ಮಗುವಿಗೆ ಬರೀ ಚಿತ್ರ ತೋರಿಸಿ. ಏನು ಕಾಣುತ್ತಿದೆ ಅಂತ ಕೇಳಿ, ನಡುವೆ ಬಾಯಿ ಹಾಕಬೇಡಿ. ಉತ್ತರ ತಪ್ಪಿದರೆ ಚಿತ್ರ ತಿದ್ದಿ, ಕೆಳಗೆ ಇನ್ನೊಂದು ಸಾಲು ವಿವರಣೆ ಸೇರಿಸಲು ಹೋಗಬೇಡಿ.